ಸಕ್ಕರೆ ಕಾಯುತ್ತಿದ್ದ ಗೋಡೆಗಳು

23 ಆಗಸ್ಟ್ 2025, ಶನಿವಾರ, ಲಂಡನ್

ಸೋಮವಾರ ಬ್ಯಾಂಕ್ ರಜೆ. ಪರಿಚಯದವರೆಲ್ಲ ಸಮುದ್ರದ ಕಡೆ ಹೊರಟಿದ್ದಾರೆ. ನಾನು ಮತ್ತು ಮಗಳು ಮಾತ್ರ ರೈಲು ಹತ್ತಿ ವೆಸ್ಟ್ ಇಂಡಿಯಾ ಕೀಯಲ್ಲಿ ಇಳಿದೆವು. ಅಲ್ಲಿರುವ, ಈಗ ಮ್ಯೂಸಿಯಂ ಆಗಿರುವ 1ನೇ ನಂಬರ್ ಉಗ್ರಾಣವನ್ನು ಅವಳಿಗೆ ತೋರಿಸಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನನ್ನ ಆಫೀಸು ನೀರಿನ ಈಚೆ ದಡದಲ್ಲಿದೆ, ಕ್ಯಾನರಿ ವಾರ್ಫ್‌ನ ಗಾಜಿನ ಕಟ್ಟಡಗಳ ನಡುವೆ. ಆಚೆ ದಡದಲ್ಲಿ ಈ ಉಗ್ರಾಣ. ಮಾಸಿದ ಹಳದಿ ಬಣ್ಣದ ಇಟ್ಟಿಗೆ, ಸಾಲಾಗಿ ಸಣ್ಣ ಸಣ್ಣ ಕಿಟಕಿ. ಎಷ್ಟೋ ವರ್ಷ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನೇ ನೋಡುತ್ತಾ ಕೂತಿದ್ದೇನೆ. ಅದರೊಳಗೆ ಏನಿತ್ತು ಅಂತ ತಿಳಿದ ಮೇಲೆ ಸುಮ್ನೆ ನೋಡಲು ಆಗಿಲ್ಲ.

ಅದರೊಳಗೆ ಇದ್ದದ್ದು ಸಕ್ಕರೆ. ಜೊತೆಗೆ ರಮ್, ಕಾಫಿ. ಆದರೆ ಈ ಜಾಗ ಹುಟ್ಟಿದ್ದೇ ಸಕ್ಕರೆಗಾಗಿ.

1790ರ ದಶಕದಲ್ಲಿ ಥೇಮ್ಸ್ ನದಿಯಲ್ಲಿ ಹಡಗುಗಳ ನೂಕುನುಗ್ಗಲು. ಕೆರಿಬಿಯನ್ ದ್ವೀಪಗಳಿಂದ ಬಂದ ಸಕ್ಕರೆ ಹಡಗುಗಳು ನದಿಯ ಮಧ್ಯದಲ್ಲೇ ಲಂಗರು ಹಾಕಿ ವಾರಗಟ್ಟಲೆ ಕಾಯಬೇಕಿತ್ತು. ಪೀಪಾಯಿಗಳನ್ನು ಮೊದಲು ದೋಣಿಗೆ ಇಳಿಸಿ, ಅಲ್ಲಿಂದ ಲಂಡನ್ ಸೇತುವೆಯ ಹತ್ತಿರದ ಕಟ್ಟೆಗೆ ಸಾಗಿಸುತ್ತಿದ್ದರು. ದಾರಿಯಲ್ಲಿ ಸಕ್ಕರೆ ಸೋರುತ್ತಿತ್ತು, ಚೆಲ್ಲುತ್ತಿತ್ತು, ಕಳುವಾಗುತ್ತಿತ್ತು. ನೆಲಕ್ಕೆ ಬಿದ್ದದ್ದು ಕೂಲಿಯವನ ಪಾಲು ಅನ್ನುವ ರೂಢಿ ಆಗ ಹಡಗುಕಟ್ಟೆಯಲ್ಲಿತ್ತು. ಗುಡಿಸಿದ್ದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ವ್ಯಾಪಾರಿಗಳು ಅದನ್ನು ಕಳ್ಳತನ ಅಂದರು. 1798ರಲ್ಲಿ ತಮ್ಮದೇ ದುಡ್ಡು ಹಾಕಿ ನದಿಗೆ ಪೊಲೀಸರನ್ನು ತರಿಸಿದರು. ಮರುವರ್ಷ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿಕೊಂಡು ತಮ್ಮದೇ ಹಡಗುಕಟ್ಟೆ ಕಟ್ಟಲು ಹೊರಟರು.

1802ರ ಆಗಸ್ಟ್ 27ರಂದು ಅದು ಶುರುವಾಯಿತು. ಇನ್ನು ನಾಲ್ಕು ದಿನಕ್ಕೆ 223 ವರ್ಷ. ಸುತ್ತ 20 ಅಡಿ ಎತ್ತರದ ಗೋಡೆ, ಗೋಡೆಯ ಹೊರಗೆ ಕಂದಕ. ಹಡಗು ನಿಲ್ಲುವ ನೀರಿನ ಉತ್ತರಕ್ಕೆ 9 ಉಗ್ರಾಣಗಳ ಸಾಲು, ಅರ್ಧ ಮೈಲಿಗೂ ಜಾಸ್ತಿ ಉದ್ದ. ಜಾರ್ಜ್ ಗ್ವಿಲ್ಟ್ ಮತ್ತು ಅದೇ ಹೆಸರಿನ ಅವನ ಮಗ ಸೇರಿ ಅವುಗಳ ನಕ್ಷೆ ಬರೆದರು. ನೀರಿನ ಕೆಲಸ ನೋಡಿಕೊಂಡದ್ದು ಎಂಜಿನಿಯರ್ ವಿಲಿಯಂ ಜೆಸಪ್. ವೆಸ್ಟ್ ಇಂಡೀಸ್‌ನಿಂದ ಲಂಡನ್ನಿಗೆ ಬರುವ ಸರಕೆಲ್ಲ, ತಂಬಾಕು ಒಂದನ್ನು ಬಿಟ್ಟು, 21 ವರ್ಷ ಇಲ್ಲೇ ಇಳಿಯಬೇಕು ಅನ್ನುವುದು ಕಾನೂನಾಗಿತ್ತು.

ನಾವು ಮೊದಲು ಹೊರಗಿನಿಂದಲೇ ಒಂದು ಸುತ್ತು ಬಂದೆವು. ಕೆಳಗಿನ ಕಿಟಕಿಗಳಲ್ಲಿ ಕಬ್ಬಿಣದ ಸರಳು. ಆ ಸರಳಿಗೆ ಮುಳ್ಳು. ಮಗಳು ಅದಕ್ಕೆ ಬೆರಳು ತಾಗಿಸಿ ನೋಡಿದಳು. "ಒಳಗೆ ಚಿನ್ನ ಇತ್ತಾ?" ಅಂದಳು. ಸಕ್ಕರೆ ಅಂದೆ. ನಂಬಲಿಲ್ಲ.

ಒಳಗೆ ಹೋದರೆ ತಲೆಗೆ ತಾಗುತ್ತದೇನೋ ಅನ್ನಿಸುವಷ್ಟು ತಗ್ಗು ಚಾವಣಿ. ದಪ್ಪ ದಪ್ಪ ಮರದ ತೊಲೆಗಳು. ಅವುಗಳ ಕೆಳಗೆ ಕಬ್ಬಿಣದ ಕಂಬಗಳು. ಮೊದಲು ಕಂಬಗಳೂ ಮರದವೇ ಆಗಿದ್ದವು. ಸಕ್ಕರೆಯ ಭಾರ ಜಾಸ್ತಿಯಾಯಿತು. 1813-14ರಲ್ಲಿ ಜಾನ್ ರೆನ್ನಿ ಎರಕದ ಕಬ್ಬಿಣದ ಕಂಬ ಕೊಟ್ಟ. ಹಾಗ್ಸ್‌ಹೆಡ್ ಅಂತ ಕರೆಯುತ್ತಿದ್ದ ಒಂದೊಂದು ಪೀಪಾಯಿಯೂ ಅರ್ಧ ಟನ್ನಿಗಿಂತ ಜಾಸ್ತಿ ತೂಗುತ್ತಿತ್ತು. ಕಂಬದ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ನನಗೆ ಇಡೀ ಕಟ್ಟಡದಲ್ಲಿ ತುಂಬಾ ಇಷ್ಟವಾಗುವುದು ಈ ಕಂಬಗಳೇ. ಎಷ್ಟು ಭಾರ ಹೊತ್ತೆ ಅಂತ ಕೇಳಿದರೆ ಹೇಳುತ್ತವೇನೋ ಅನ್ನಿಸುತ್ತದೆ.

ಆಗ ಬರುತ್ತಿದ್ದದ್ದು ನಾವು ಈಗ ಚಹಾಕ್ಕೆ ಹಾಕುವ ಬಿಳಿ ಸಕ್ಕರೆ ಅಲ್ಲ. ಕಂದು ಬಣ್ಣದ ಒದ್ದೆ ಸಕ್ಕರೆ. ಪೀಪಾಯಿಯ ಸಂದಿನಿಂದ ಕಾಕಂಬಿ ಜಿನುಗುತ್ತಲೇ ಇರುತ್ತಿತ್ತು. ಲಂಡನ್ನಿನ ಪೂರ್ವ ಭಾಗದಲ್ಲಿ ಅದನ್ನು ಶುದ್ಧ ಮಾಡುವ ಮನೆಗಳು ತುಂಬಾ ಇದ್ದವು. ಅಲ್ಲಿ ಬಹಳಷ್ಟು ಜರ್ಮನ್ನರು ಕೆಲಸ ಮಾಡುತ್ತಿದ್ದರು.

ಕಾಕಂಬಿಯ ವಾಸನೆ ನನಗೆ ಗೊತ್ತು. ನಾನು ಕಬ್ಬಿನ ಗದ್ದೆಗಳ ನಡುವೆ ಬೆಳೆದವಳು. ಕಬ್ಬಿನ ಗರಿ ಕೈಯನ್ನು ಹೇಗೆ ಗೀರುತ್ತದೆ ಅಂತ ಗೊತ್ತು. ಕಡಿದ ಕಬ್ಬನ್ನು ಬೇಗ ಗಾಣಕ್ಕೆ ಹಾಕದಿದ್ದರೆ ರಸ ಕೆಡುತ್ತದೆ ಅಂತಲೂ ಗೊತ್ತು. ಅದಕ್ಕೇ ಸುಗ್ಗಿಯಲ್ಲಿ ಆಲೆಮನೆ ರಾತ್ರಿಯೆಲ್ಲ ನಡೆಯುತ್ತದೆ. ಚಿಕ್ಕವಳಿದ್ದಾಗ ಆ ರಾತ್ರಿಗಳೆಂದರೆ ನನಗೆ ಹಬ್ಬ. ಜಮೈಕಾದಲ್ಲೂ ಇದೇ ಕಾರಣಕ್ಕೆ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ಅಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವರು ಗುಲಾಮರು. ನಿದ್ದೆಗಣ್ಣಿನಲ್ಲಿ ಕೈ ಉರುಳೆಯೊಳಗೆ ಸಿಕ್ಕಿಕೊಂಡರೆ ತೋಳು ಕಡಿಯಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರಂತೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನೆಲಕ್ಕೆ ಬಿದ್ದ ಒಂದು ಹಿಡಿ ಸಕ್ಕರೆಗೆ 20 ಅಡಿ ಗೋಡೆ ಕಟ್ಟಿದವರು ಈ ಗಾಣಗಳ ಒಡೆಯರು. ಕಳ್ಳ ಅನ್ನುವ ಪದ ಇಲ್ಲಿ ಯಾರಿಗೆ ಅಂಟಿತು, ಯಾರಿಗೆ ಅಂಟಲಿಲ್ಲ ನೋಡಿ.

ಅವರಲ್ಲಿ ಒಬ್ಬ ರಾಬರ್ಟ್ ಮಿಲಿಗನ್. ಈ ಹಡಗುಕಟ್ಟೆ ಆಗಬೇಕು ಅಂತ ಹಿಡಿದು ನಿಂತವನು. 1809ರಲ್ಲಿ ಅವನು ಸತ್ತಾಗ ಜಮೈಕಾದಲ್ಲಿ ಅವನ ಹೆಸರಿನಲ್ಲಿ 526 ಗುಲಾಮರಿದ್ದರು. 1813ರಲ್ಲಿ ಅವನಿಗೊಂದು ಕಂಚಿನ ಪ್ರತಿಮೆ ಮಾಡಿಸಿದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದು ಈ ಉಗ್ರಾಣದ ಮುಂದೆಯೇ ಇತ್ತು. ಎಷ್ಟೋ ಸಲ ಅದರ ಬುಡದಲ್ಲಿ ನಿಂತು ಗೆಳತಿಗಾಗಿ ಕಾದಿದ್ದೇನೆ. ಯಾರು ಅಂತ ಕೇಳಿಕೊಂಡಿರಲಿಲ್ಲ. 2020ರ ಜೂನ್ 9ರಂದು ಕ್ರೇನ್ ತಂದು ಅದನ್ನು ಇಳಿಸಿದರು. ಬ್ರಿಸ್ಟಲ್‌ನಲ್ಲಿ ಜನ ಗುಲಾಮರ ವ್ಯಾಪಾರಿ ಕೋಲ್ಸ್ಟನ್ ಪ್ರತಿಮೆಯನ್ನು ನೀರಿಗೆ ಉರುಳಿಸಿ ಎರಡೇ ದಿನವಾಗಿತ್ತು.

ಮುಂದಿನ ನೂರು ವರ್ಷದ ಕಥೆಯಲ್ಲಿ ಹೇಳುವಂಥದ್ದು ಕಡಿಮೆ. 21 ವರ್ಷದ ಹಕ್ಕು ಮುಗಿಯಿತು. ಮೊದಲಿಗೆ ಕುಳ್ಳಗಿದ್ದ ಈ 1ನೇ ನಂಬರ್ ಕಟ್ಟಡವನ್ನು 1827ರಲ್ಲಿ ಎತ್ತರಿಸಿದರು. 1838ರಲ್ಲಿ ಈ ವೆಸ್ಟ್ ಇಂಡಿಯಾ ಹಡಗುಕಟ್ಟೆಯ ಕಂಪನಿ ಈಸ್ಟ್ ಇಂಡಿಯಾ ಡಾಕ್ ಕಂಪನಿಯೊಡನೆ ಸೇರಿತು. 1909ರಲ್ಲಿ ಲಂಡನ್ ಬಂದರು ಪ್ರಾಧಿಕಾರದ ಕೈಗೆ ಬಂತು. ಸರಕು ಬದಲಾಗುತ್ತಾ ಹೋಯಿತು, ಹೊರುವ ಹೆಗಲು ಮಾತ್ರ ಅದೇ. ಬೆಳಿಗ್ಗೆ ಗೇಟಿನ ಮುಂದೆ ನಿಂತು, ಇವತ್ತು ಕರೆಯುತ್ತಾರಾ ಇಲ್ವಾ ಅಂತ ಕಾಯುವ ದಿನಗೂಲಿಯವರು.

1940ರ ಸೆಪ್ಟೆಂಬರ್ 7. ಆ ದಿನವೂ ಶನಿವಾರ. ಮಧ್ಯಾಹ್ನ ಜರ್ಮನ್ ವಿಮಾನಗಳು ನದಿಯ ಜಾಡು ಹಿಡಿದು ಬಂದವು. ಹಡಗುಕಟ್ಟೆಗಳೇ ಅವುಗಳ ಗುರಿ. ಬೆಂಕಿ ಆರಿಸಲು ಹೋದವರು ಕಂಡದ್ದನ್ನು ಓದಿದರೆ ಮೈ ಜುಂ ಅನ್ನುತ್ತದೆ. ರಮ್ ಪೀಪಾಯಿಗಳು ಸಿಡಿಯುತ್ತಿದ್ದವಂತೆ. ಕರಗಿದ ಸಕ್ಕರೆ ನೀರಿನ ಮೇಲೆ ಹರಿದು ಅಲ್ಲೇ ಉರಿಯುತ್ತಿತ್ತಂತೆ. ಮೆಣಸು ಸುಟ್ಟ ಕಡೆ ಉಸಿರೆಳೆದರೆ ಬೆಂಕಿಯನ್ನೇ ಒಳಗೆಳೆದ ಹಾಗೆ. ಆ ಯುದ್ಧ ಮುಗಿಯುವ ಹೊತ್ತಿಗೆ 9 ಉಗ್ರಾಣಗಳ ಸಾಲಿನಲ್ಲಿ ಉಳಿದದ್ದು ಎರಡೇ, 1 ಮತ್ತು 2.

ಉಳಿದದ್ದನ್ನು ಮುಗಿಸಿದ್ದು ಕಂಟೇನರ್. ಕಬ್ಬಿಣದ ಪೆಟ್ಟಿಗೆ ಹೊರುವ ದೊಡ್ಡ ಹಡಗುಗಳು ಇಲ್ಲಿಗೆ ಬರಲಾರವು. ಅವು ನದಿ ಸಮುದ್ರ ಸೇರುವ ಕಡೆಗಿರುವ ಟಿಲ್ಬರಿ ಬಂದರಿನಲ್ಲೇ ನಿಂತವು. 1980ರಲ್ಲಿ ವೆಸ್ಟ್ ಇಂಡಿಯಾ ಹಡಗುಕಟ್ಟೆಗೆ ಬೀಗ ಬಿತ್ತು. ಸಾವಿರಾರು ಮನೆಗಳ ಒಲೆ ಇದನ್ನೇ ನಂಬಿಕೊಂಡಿತ್ತು. ಆ ಜನ ಏನಾದರು ಅನ್ನುವುದನ್ನು ಈಗಿನ ಗಾಜಿನ ಕಟ್ಟಡಗಳ ನಡುವೆ ಯಾರೂ ಕೇಳುವುದಿಲ್ಲ. ಕ್ಯಾನರಿ ವಾರ್ಫ್ ಅನ್ನುವ ಹೆಸರು ಕೂಡ ಕ್ಯಾನರಿ ದ್ವೀಪಗಳಿಂದ ಹಣ್ಣು ಬರುತ್ತಿದ್ದ ಒಂದು ಕಟ್ಟೆಯದು. 1991ರಲ್ಲಿ ಅಲ್ಲಿ 235 ಮೀಟರಿನ ಗೋಪುರ ಎದ್ದಿತು. ಹಳೆಯ ಉಗ್ರಾಣ ಅದರ ಎದುರು ಸುಮ್ಮನೆ ನಿಂತಿತ್ತು. 2003ರಲ್ಲಿ ಅದು ಮ್ಯೂಸಿಯಂ ಆಯಿತು. ಪಕ್ಕದ 2ನೇ ನಂಬರಿನಲ್ಲಿ ಈಗ ಹೋಟೆಲುಗಳು, ಮನೆಗಳು.

ಮ್ಯೂಸಿಯಂ ಆದಾಗಲೂ ಮೊದಲ ನಾಲ್ಕು ವರ್ಷ ಸಕ್ಕರೆ ಮತ್ತು ಗುಲಾಮಗಿರಿಗೇ ಅಂತ ಪ್ರತ್ಯೇಕ ಜಾಗ ಇರಲಿಲ್ಲ. ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿ 200 ವರ್ಷವಾದ 2007ರ ನವೆಂಬರಿನಲ್ಲಿ ಆ ಗ್ಯಾಲರಿ ಶುರುವಾಯಿತು. ಅದು ಬಂದ ಮೇಲೆಯೇ ಈ ಕಟ್ಟಡಕ್ಕೆ ಅದರ ಪೂರ್ತಿ ಕಥೆ ಸಿಕ್ಕಿದ್ದು ಅಂತ ನನ್ನ ಅನಿಸಿಕೆ. ಇವತ್ತಿನ ದಿನವನ್ನೇ ಆರಿಸಿಕೊಂಡು ಹೋದದ್ದೂ ಅದಕ್ಕೇ. ಆಗಸ್ಟ್ 23ನ್ನು ಗುಲಾಮರ ವ್ಯಾಪಾರ ಮತ್ತು ಅದರ ಅಂತ್ಯವನ್ನು ನೆನೆಯುವ ದಿನ ಅಂತ ಯುನೆಸ್ಕೊ ಆಚರಿಸುತ್ತದೆ. 1791ರ ಆಗಸ್ಟಿನಲ್ಲಿ ಇದೇ ಹೊತ್ತಿಗೆ ಈಗಿನ ಹೈಟಿಯ ಗುಲಾಮರು ದಂಗೆ ಎದ್ದರು. ಅವರು ಸುಟ್ಟದ್ದು ಕಬ್ಬಿನ ಗದ್ದೆಗಳನ್ನು.

ಗ್ಯಾಲರಿಗೆ ಕಾಲಿಡುವಾಗಲೇ ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಲಂಡನ್ನಿನಿಂದ ಆಫ್ರಿಕಾಕ್ಕೆ ಹೋಗಿ ಜನರನ್ನು ತುಂಬಿಕೊಂಡು ಹೊರಟ ಹಡಗುಗಳ ಪಟ್ಟಿ. ಹಡಗಿನ ಹೆಸರಿದೆ. ಕಪ್ತಾನನ ಹೆಸರಿದೆ. ಜನ ಎಷ್ಟು ಅನ್ನುವ ಲೆಕ್ಕ ಇದೆ. ಮಗಳು ಮೊದಲು ಹಡಗುಗಳ ಹೆಸರನ್ನು ಖುಷಿಯಿಂದ ಗಟ್ಟಿಯಾಗಿ ಓದುತ್ತಾ ಹೋದಳು. ಅವಳಿಗೆ ಹಡಗೆಂದರೆ ಇಷ್ಟ. ಅರ್ಧಕ್ಕೆ ಬಂದಾಗ ದನಿ ಇಳಿಯಿತು. ಆಮೇಲೆ ಪಟ್ಟಿಯನ್ನೇ ನೋಡುತ್ತಾ ನಿಂತಳು.

"ಅಮ್ಮಾ, ಇವರ ಹೆಸರೆಲ್ಲಿ?"

ಆ ಸಂಖ್ಯೆಗಳ ಮೇಲೆ ಬೆರಳಿಟ್ಟು ಕೇಳಿದಳು. ಬರೆದಿಲ್ಲ ಕಣೇ ಅಂದೆ. ಪೀಪಾಯಿ ಎಣಿಸಿದ ಹಾಗೆ ಎಣಿಸಿದ್ದಾರೆ ಅಂತ ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಒಂಬತ್ತು ವರ್ಷ.

ಅಲ್ಲೇ ಪಕ್ಕದಲ್ಲಿ ನಿಂತು ಇನ್ನೊಂದು ಲೆಕ್ಕವೂ ನೆನಪಾಯಿತು. 1833ರ ಕಾಯ್ದೆಯಿಂದ ಗುಲಾಮಗಿರಿ ಹೋದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆಗಿನ ಸರ್ಕಾರದ ವರ್ಷದ ಖರ್ಚಿನಲ್ಲಿ ಸುಮಾರು ಶೇಕಡ 40ರಷ್ಟು ಹಣ ಅದು. ಕೊಟ್ಟದ್ದು ಒಡೆಯರಿಗೆ. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ನಾನು ಇಲ್ಲಿಗೆ ಬಂದದ್ದು 2011ರಲ್ಲಿ. ಅಂದರೆ ನಾಲ್ಕು ವರ್ಷ ನನ್ನ ಸಂಬಳದ ತೆರಿಗೆಯಿಂದಲೂ ಆ ಸಾಲಕ್ಕೆ ಒಂದಿಷ್ಟು ಹೋಗಿದೆ. ಇದು ತುಂಬಾ ನೋಯಿಸುತ್ತದೆ.

24 ಆಗಸ್ಟ್, ಭಾನುವಾರ

ಬೆಳಿಗ್ಗೆ ಎದ್ದ ಕೂಡಲೇ ಮಗಳು ಮತ್ತೆ ಹೆಸರಿನ ವಿಷಯ ತೆಗೆದಳು. ಈ ಸಲ ನನ್ನ ಹತ್ತಿರ ಉತ್ತರ ಇತ್ತು. 1817ರಿಂದ ಜಮೈಕಾದಲ್ಲಿ ಮೂರು ವರ್ಷಕ್ಕೊಮ್ಮೆ ಗುಲಾಮರ ಪಟ್ಟಿ ಬರೆಸುತ್ತಿದ್ದರು. ಒಬ್ಬೊಬ್ಬರ ಹೆಸರು, ವಯಸ್ಸು. ಆ ದಪ್ಪ ಪುಸ್ತಕಗಳು ಈಗಲೂ ಇವೆ. ಇದೇ ಲಂಡನ್ನಿನ ಕ್ಯೂನಲ್ಲಿ, ರಾಷ್ಟ್ರೀಯ ಪತ್ರಾಗಾರದಲ್ಲಿ. ಹಾಗಾಗಿ ಸುಮಾರು ಜನರ ಹೆಸರು ಸಿಗುತ್ತದೆ ಅಂದೆ.

ಅವಳ ಮುಖ ಅರಳಿತು. ಸುಳ್ಳು ಹೇಳಿದ ಹಾಗಾಗಬಾರದು ಅಂತ ಇನ್ನೊಂದು ಮಾತು ಸೇರಿಸಿದೆ. ಆ ಪುಸ್ತಕದಲ್ಲಿರುವ ಹೆಸರುಗಳಲ್ಲಿ ತುಂಬಾ ಹೆಸರು ಒಡೆಯರು ಇಟ್ಟದ್ದು.

ಅವಳು ಹಾಲಿನ ಲೋಟ ಕೆಳಗಿಟ್ಟಳು.

"ಹಾಗಾದ್ರೆ ಅವರಮ್ಮ ಇಟ್ಟಿದ್ದು?"