ಮಾಲು ಎಳೀತಿಲ್ಲ ಸಾರ್

ಪೀಣ್ಯದ ಒಂದು ಪೈಪ್ ಫ್ಯಾಕ್ಟರಿಯಲ್ಲಿ ಪ್ರೊಸೆಸ್ ನೋಡಿಕೊಳ್ಳುತ್ತಿದ್ದೆ. ಒಂದು ಬೇಸಿಗೆಯ ಮಧ್ಯಾಹ್ನ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಪೈಪ್ ಸ್ವಲ್ಪ ದೂರ ದಪ್ಪ, ಸ್ವಲ್ಪ ದೂರ ತೆಳು ಬರತೊಡಗಿತು. ಕರಗಿದ ಮಾಲಿಗೆ ಪೈಪಿನ ಆಕಾರ ಕೊಡುವ ಡೈ ಪಕ್ಕದ ಪ್ರೆಶರ್ ಗೇಜಿನ ಮುಳ್ಳು ಕುಣಿಯುತ್ತಿತ್ತು. ಡೈ ಟೆಂಪರೇಚರ್ ಬದಲಿಸಿದ್ದಾಯಿತು, ಮಾಲು ಸೋಸುವ ಜಾಲರಿ ಬದಲಿಸಿದ್ದಾಯಿತು. ಊಹೂಂ.

ಅಷ್ಟರಲ್ಲಿ ಹಿರಿಯ ಆಪರೇಟರ್ ದಾನಾ (ಪ್ಲಾಸ್ಟಿಕ್ ಕಾಳು) ಸುರಿಯುವ ಹಾಪರ್ ಕಡೆಯಿಂದ ಕೂಗಿದರು. "ಮಾಲು ಎಳೀತಿಲ್ಲ ಸಾರ್, ಇಲ್ಲಿ ಮುಟ್ಟಿ ನೋಡಿ." ನೀರು ಹರಿದು ತಣ್ಣಗಿರಬೇಕಾದ ಫೀಡ್ ಥ್ರೋಟ್, ಅಂದರೆ ದಾನಾ ಮಿಷಿನ್ ಒಳಗೆ ಇಳಿಯುವ ಬಾಯಿ, ಕೈ ಇಡೋಕಾಗದಷ್ಟು ಬಿಸಿಯಾಗಿತ್ತು.

ಮಿಷಿನ್ ಒಳಗೆ ಬ್ಯಾರಲ್ ಎಂಬ ಕೊಳವೆಯಲ್ಲಿ ಉದ್ದನೆಯ ಸ್ಕ್ರೂ ತಿರುಗುತ್ತಾ ದಾನಾವನ್ನು ಡೈ ಕಡೆಗೆ ತಳ್ಳುತ್ತದೆ. ಆದರೆ ಸ್ಕ್ರೂ ತಿರುಗಿದ ಮಾತ್ರಕ್ಕೆ ದಾನಾ ಮುಂದೆ ಹೋಗುವುದಿಲ್ಲ. ಬೋಲ್ಟ್ ತಿರುಗಿಸುವಾಗ ನಟ್ ಹಿಡಿದುಕೊಂಡರೆ ತಾನೇ ಅದು ಮುಂದಕ್ಕೆ ಸರಿಯುವುದು? ಇಲ್ಲಿ ಹಿಡಿಯುವ ಕೈ ಬ್ಯಾರಲ್‌ನ ಗೋಡೆ. ದಾನಾ ಗೋಡೆಗೆ ಚೆನ್ನಾಗಿ ಉಜ್ಜಬೇಕು, ಸ್ಕ್ರೂ ಮೇಲೆ ಜಾರಬೇಕು. ಎಚ್‌ಡಿಪಿಇ ಕರಗುವುದು 130 ಡಿಗ್ರಿ ಆಸುಪಾಸಿನಲ್ಲಿ. ಆದರೆ ಅದಕ್ಕೂ ಮೊದಲೇ ಮೆತ್ತಗಾಗಿ ಸ್ಕ್ರೂಗೆ ಅಂಟಿದರೆ ಅದರ ಜೊತೆಗೇ ಸುಮ್ನೆ ಸುತ್ತುತ್ತದೆ.

1956ರಲ್ಲಿ ಡಾರ್ನೆಲ್ ಮತ್ತು ಮೋಲ್ ಎಂಬಿಬ್ಬರು ಇದರ ಲೆಕ್ಕ ಕೊಟ್ಟರು. ಒತ್ತಿ ಕೂತ ದಾನಾವನ್ನು ಒಂದೇ ಗಟ್ಟಿ ಉಂಡೆ ಎಂದುಕೊಂಡರು. ಒತ್ತಡ ಜಾಸ್ತಿಯಾದರೆ ಘರ್ಷಣೆ ಜಾಸ್ತಿ, ಘರ್ಷಣೆ ಜಾಸ್ತಿಯಾದರೆ ಒತ್ತಡ ಇನ್ನೂ ಜಾಸ್ತಿ. ಹಾಗಾಗಿ ಒತ್ತಡ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಒಂದು ಸುತ್ತಿಗೆ 1.5 ಪಟ್ಟು ಅಂತ ಇಟ್ಟುಕೊಳ್ಳಿ. 10 ಸುತ್ತಿಗೆ ಸುಮಾರು 58 ಪಟ್ಟು. ಅದೇ 1.4 ಆದರೆ 29 ಅಷ್ಟೇ, ಅರ್ಧ! (ನಿಜವಾದ ಮಿಷಿನ್‌ನಲ್ಲಿ ಒತ್ತಡ ಲೆಕ್ಕದಷ್ಟು ಏರುವುದಿಲ್ಲ. ಗೋಡೆಯ ಹತ್ತಿರ ಮಾಲು ಕರಗಲು ಶುರುವಾದರೆ ಆಟವೇ ಬೇರೆ.) ಹಾಪರ್ ಬಾಯಲ್ಲಿ ಹಿಡಿತ ಚೂರು ಸಡಿಲವಾದರೂ ಡೈ ಹತ್ತಿರದ ಮುಳ್ಳು ಕುಣಿಯುವುದು ಇದಕ್ಕೇ. ನಾವೆಲ್ಲ ಗೇಜ್ ಇರುವ ಕಡೆ ಕೂತು ಕಾಯಿಲೆ ಹುಡುಕುತ್ತಿದ್ದೆವು.

ಲೈನ್ ನಿಲ್ಲಿಸಿ ನೀರಿನ ಪೈಪ್ ಬಿಚ್ಚಿದೆವು. ನಮ್ಮ ಬೋರ್‌ವೆಲ್‌ನ ಗಡಸು ನೀರು ಗೊತ್ತಲ್ಲ, ಒಳಗೆಲ್ಲ ಬಿಳಿ ಸುಣ್ಣ ಕಟ್ಟಿ ನೂಲಿನಷ್ಟು ದಾರಿ ಉಳಿದಿತ್ತು. ಸ್ಕ್ರೂಗೆ ಅಂಟಿದ್ದ ಮುದ್ದೆಯನ್ನು ಹಿತ್ತಾಳೆ ಸಲಾಕೆಯಿಂದ ಕೆರೆದು ತೆಗೆದರು. ಗಟ್ಟಿ ಸ್ಟೀಲ್ ಹಾಕಿದರೆ ಸ್ಕ್ರೂಗೆ ಗೀರು ಬೀಳುತ್ತದೆ. ಆಸಿಡ್ ಹಾಯಿಸಿ ಸುಣ್ಣ ಕರಗಿಸಿ, ನೀರು ಸರಿಯಾಗಿ ಹರಿಯಲು ಬಿಟ್ಟ ಮೇಲೆ ರಾತ್ರಿ ಶಿಫ್ಟ್‌ಗೆ ಪೈಪ್ ಒಂದೇ ದಪ್ಪದಲ್ಲಿ ಬಂತು.

ಮಾಲೀಕರು ಅಷ್ಟರಲ್ಲಿ ಹೊಸ ಡೈಗೆ ಕೊಟೇಷನ್ ತರಿಸಿದ್ದರು. ಅದು ಬೇಡ, ಥ್ರೋಟ್ ನೀರಿಗೆ ಒಂದು ಥರ್ಮಾಮೀಟರ್ ಹಾಕಿಸಿ ಸಾಕು ಎಂದೆ. ಹಾಕಿಸಿದರು, ಮುಂದಿನ ಬೇಸಿಗೆಗೆ!