ಸೋಮವಾರದ ಲೆಕ್ಕ

ನಮ್ಮೂರ ಶಾಲೆಯ ಹೊಸ ಕಟ್ಟಡದ ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಈಗಿನ ಗುರುಮಾತೆಯರು ಫೋನ್ ಮಾಡಿದ್ದರು. ಇಂಜಿನಿಯರ್ ಮನುಷ್ಯ, ಸಿಮೆಂಟು ಕಬ್ಬಿಣದ ಲೆಕ್ಕ ಬರೆದಾನು ಎಂದುಕೊಂಡಿರಬೇಕು. ಅದನ್ನೂ ಬರೆಯುತ್ತೇನೆ. ಮೊದಲು ಟೊಪ್ಪಿಗಿ ಮಾಸ್ತರರ ವಿಷಯ.

ಕರಿ ಟೊಪ್ಪಿಗೆ, ಕಚ್ಚೆ ಧೋತರ, ತೋಳು ಸವೆದ ಕೋಟು, ಕಿಸೆಯಲ್ಲಿ ನಸ್ಯದ ಡಬ್ಬಿ. ಅವರು ನಮಗೆ ಏನು ಕಲಿಸಿದರು ಎಂದು ಕೇಳಿದರೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ ಎಂಬುದರ ಹೊರತು ಹೇಳಲಿಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ. ಪಾಠ ಬಿಟ್ಟು ಹೇಳಿದ್ದೆಲ್ಲ ನೆನಪಿದೆ. ಭೂಗೋಳದ ನಡುವೆ ಸಿರಸಂಗಿ ಲಿಂಗರಾಜ ದೇಸಾಯಿಯವರು ಬರುತ್ತಿದ್ದರು. ಆಸ್ತಿಯನ್ನೆಲ್ಲ ಹುಡುಗರ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡ ದೊರೆ. ಅವರ ಹಿಂದೆಯೇ ವಿಜಾಪುರದ ಫ.ಗು. ಹಳಕಟ್ಟಿಯವರು, ವಕೀಲಿಯ ಗಳಿಕೆಯನ್ನೆಲ್ಲ ವಚನದ ಅಚ್ಚಿಗೆ ಸುರಿದವರು. ‘ದೇಸಾಯರ ಹಂತ್ಯಾಕ ಸಂಸ್ಥಾನ ಇತ್ತು, ಕೊಟ್ರು. ನಿಮ್ಮ ಹಂತ್ಯಾಕ ಏನೈತ್ರಲೇ?’ ಎಂದು ಕೇಳಿ, ಉತ್ತರವನ್ನೂ ತಾವೇ ಹೇಳುತ್ತಿದ್ದರು: ‘ಮುಷ್ಟಿ ಐತಿ.’

1972ರ ಬರದಲ್ಲಿ ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಮಲಪ್ರಭೆಯ ದಂಡೆಯಲ್ಲಿದ್ದೂ ಕುಡಿಯಲು ಒರತೆ ತೋಡುತ್ತಿದ್ದ ಕಾಲ ಅದು. ಶಾಲೆ ನಡೆಯುತ್ತಿದ್ದದ್ದು ಹನುಮಂತದೇವರ ಗುಡಿಯಲ್ಲಿ. ಪೂಜಾರಿ ಗಂಟೆ ಹೊಡೆದರೆ ಮಗ್ಗಿ ನಿಲ್ಲಬೇಕು. ಬರ ಕಳೆದು ಹಿಂಗಾರಿ ಜೋಳ ಮನೆಗೆ ಬಂದ ವರ್ಷ ಮಾಸ್ತರರು ಮುಷ್ಟಿ ಎತ್ತಿಸಲು ಶುರು ಮಾಡಿದರು. ದಿನಾ ಮುಂಜಾನೆ ಹುಡುಗರು ಕೈಚೀಲ ಹಿಡಿದು ಓಣಿ ಓಣಿ ತಿರುಗಿ ‘ಸಾಲೀ ಜ್ವಾಳಾ’ ಎಂದು ಕೂಗಬೇಕು, ಮನೆಗೊಂದು ಮುಷ್ಟಿ. ಆ ಜೋಳ ಮಾರಿದ ದುಡ್ಡಿನಿಂದ ಎದ್ದವು ಎರಡು ಕೋಣೆ. ಕೆಂಪು ಕಲ್ಲು, ಮಣ್ಣಿನ ಗಾರೆ, ಮೇಲೆ ಹೆಂಚು.

ಆದರೆ ಜೋಳಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಅದರ ಲೆಕ್ಕ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಂಡಸರೆಲ್ಲ ಊರಲ್ಲೇ ಇರುತ್ತಾರೆ. ಅಂದು ಸಂಜೆ ಮಾಸ್ತರರು ಗುಡಿಕಟ್ಟೆ ಹತ್ತಿ, ಕಂದೀಲು ಬದಿಗಿಟ್ಟುಕೊಂಡು, ಯಾರ ಮನೆಯಿಂದ ಎಷ್ಟು, ಖರ್ಚು ಎಲ್ಲಿ, ಗಾಡಿ ಬಾಡಿಗೆ ಯಾರಿಗೆ ಎಂದು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಗೌಡರ ಚೀಲಕ್ಕೂ ಕೂಲಿಯವಳ ಅರ್ಧ ಮುಷ್ಟಿಗೂ ಒಂದೇ ದನಿ. ತನ್ನ ಹೆಸರು ಕಟ್ಟೆಯ ಮೇಲೆ ಕೇಳಬೇಕೆಂದೇ ಸೆರಗು ಹೊದ್ದು ಬಂದು ದೂರ ನಿಲ್ಲುತ್ತಿದ್ದ ಹೆಣ್ಣುಮಕ್ಕಳಿದ್ದರು.

ನಾವು ಮೂವರಿದ್ದೆವು. ಮುಷ್ಟಿ ಎತ್ತುವ ಪಾಳಿ ನಮ್ಮದಾದಾಗ ಬಸ್ ನಿಲ್ಲುವ ಕಡೆ ಭಜಿ ಅಂಗಡಿಯ ಮುದುಕನೊಂದಿಗೆ ಒಪ್ಪಂದವಾಯಿತು: ಒಂದು ಬೊಗಸೆ ಜೋಳಕ್ಕೆ ಎರಡು ಮಿರ್ಚಿ. ವಾರವಿಡೀ ಮಿರ್ಚಿ ತಿಂದೆವು. ಮಾಸ್ತರರು ಯಾರನ್ನೂ ಕರೆಯಲಿಲ್ಲ, ಕೇಳಲಿಲ್ಲ. ಸೋಮವಾರ ಬಂತು. ಮನೆಗಳ ಹೆಸರು ಓದಿ ಮುಗಿಸಿ, ನಸ್ಯ ಏರಿಸಿ, ಅದೇ ದನಿಯಲ್ಲಿ ಮುಂದುವರಿಸಿದರು: ‘ಇಲಿ ತಿಂದದ್ದು, ಎರಡು ಸೇರು. ಇಲಿ ಒಟ್ಟು ಮೂರು. ಅದರಾಗ ಒಂದು ಲೆಕ್ಕದಾಗ ಭಾಳ ಶಾಣ್ಯಾ ಐತಿ.’ ಇಡೀ ಕಟ್ಟೆ ನನ್ನ ಕಡೆ ತಿರುಗಿತು. ನಿಜ ಹೇಳುತ್ತೇನೆ, ಅಷ್ಟು ಜನರ ನಡುವೆಯೂ ನನ್ನ ಕಿವಿಗೆ ಬಿದ್ದದ್ದು ‘ಶಾಣ್ಯಾ’ ಎಂಬುದೊಂದೇ. ಅವ್ವನ ಕಿವಿಗೆ ಬೇರೆಯದು ಬಿದ್ದಿತ್ತು. ಮುಂದಿನ ಸೋಮವಾರದ ಜಮೆ ಹೀಗಿತ್ತು: ‘ಇಲಿಯ ತಾಯಿಯಿಂದ ವಾಪಸು, ಮೂರು ಸೇರು.’

ಅಕ್ಕೋರೊಬ್ಬರು ಇದ್ದರು, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವರು. ಮನೆ ಮನೆಗೆ ಹೋಗಿ, ಕೂಸು ಆಡಿಸುತ್ತ ಕೂತ ಹುಡುಗಿಯರನ್ನು ಕೂಸಿನ ಸಮೇತ ಶಾಲೆಗೆ ಕರೆತಂದರು. ಅವರ ಬಗ್ಗೆ ಬರೆಯುವ ಹಕ್ಕು ಆ ಹುಡುಗಿಯರದು. ಸಂಪಾದಕರು ಅವರನ್ನು ಕೇಳಲಿ.

2009ರ ನೆರೆಯಲ್ಲಿ ಆ ಎರಡು ಕೋಣೆ ಬಿರುಕು ಬಿಟ್ಟು ಉಳಿದುಕೊಂಡವು. 2019ರ ಆಗಸ್ಟ್‌ನಲ್ಲಿ ಉಳಿಯಲಿಲ್ಲ. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟೆ ತುಂಬಿ ನೀರು ಬಿಟ್ಟಾಗ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ಬಂದಿತ್ತು, ನಮ್ಮ ಶಾಲೆ ಯಾವ ಲೆಕ್ಕ? ನೀರು ನಿಂತಾಗ ಗೋಡೆ ಬೀಳಲಿಲ್ಲ. ನೀರು ಇಳಿದು ಬಿಸಿಲು ಬಿದ್ದ ಮೇಲೆ, ಗಾರೆಯ ಮಣ್ಣು ತೊಳೆದುಹೋದ ಕಲ್ಲುಗಳು ಒಂದೊಂದಾಗಿ ಉರುಳಿದವು. ಮಕ್ಕಳು ಮತ್ತೆ ಗುಡಿಗೆ ಹೋದರು.

ಆಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಕಟ್ಟಿದವನು ನಾನೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ, ಬೇರೆಯವರು ದಾಖಲಿಸುವ ಲಕ್ಷಣವಿಲ್ಲ. ಮೊದಲು ದೊಡ್ಡವರ ಬಾಗಿಲಿಗೆ ಹೋದೆವು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಲ್ಲೊಂದು ಪಾಲು ಕೇಳಿದರೆ, ಮೂರು ವರ್ಷ ಕೆಲಸ ಮಾಡಿದ ದಾಖಲೆಯಿರುವ ಸಂಸ್ಥೆ ನಿಮ್ಮದಿದೆಯೇ ಎಂದರು. ನಮ್ಮದು ಬಿದ್ದ ಗೋಡೆ ಮತ್ತು ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಠರಾವು, ಅಷ್ಟೆ. ಕಬ್ಬಿನ ಸಾಹುಕಾರರೊಬ್ಬರು ವೇದಿಕೆಯ ಮೇಲೆ ಲಕ್ಷ ಸಾರಿದರು. ಕೆಳಗಿಳಿದ ಮೇಲೆ ಅದು ಹನ್ನೊಂದು ಸಾವಿರವಾಯಿತು, ಅದಕ್ಕೂ ಆದಾಯ ತೆರಿಗೆ ರಿಯಾಯಿತಿಯ 80ಜಿ ರಸೀದಿ ಮತ್ತು ಬಾಗಿಲ ಮೇಲೆ ತಂದೆಯ ಹೆಸರು ಬೇಕಾಯಿತು.

ಮಾಸ್ತರರಿಗೆ ಆಗ ಎಂಬತ್ತು ದಾಟಿತ್ತು. ಹಾಸಿಗೆಯ ಮೇಲಿಂದಲೇ, ‘ಊರು ಗೋವಾದಾಗೈತಿ, ನೀ ಇಲ್ಲೇನು ಹುಡುಕ್ತೀ?’ ಎಂದರು. ಮೂರು ಇಲಿಗಳಲ್ಲಿ ಒಂದು ವಾಸ್ಕೋದಲ್ಲಿ, ಸ್ಲ್ಯಾಬಿನ ಕೆಳಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಮೇಸ್ತ್ರಿಯಾಗಿತ್ತು, ಏಳನೆಯ ಇಯತ್ತೆ ದಾಟದ ಇಲಿ. ನಮ್ಮ ಭಾಗದ ಗೌಂಡಿಗಳು, ಕೂಲಿಗಳು ತುಂಬಿಕೊಂಡಿರುವ ವಾಸ್ಕೋದ ಬೈನಾದಲ್ಲಿ ಅವನು ಭಾನುವಾರ ಭಾನುವಾರ ವಂತಿಗೆಯ ಪಟ್ಟಿ ಹಿಡಿದು ತಿರುಗಿದ. ಐದುನೂರು, ಇನ್ನೂರು, ಐವತ್ತು. ಆ ಪಟ್ಟಿ ಫೋನಿನಲ್ಲಿ ಬಂದರೆ ಸಾಲದು, ಕಟ್ಟೆಯ ಮೇಲೆ ಓದಬೇಕೆಂದು ಮಾಸ್ತರರ ಹಟ. ಓದಿದವನು ನಾನು. ಗೋವಾದಲ್ಲಿ ಇಟ್ಟಿಗೆ ಹೊರುವ ಮಗನ ಹೆಸರನ್ನು ಊರ ಕಟ್ಟೆಯಲ್ಲಿ ಕೇಳಿದ ತಾಯಂದಿರು ಮರುದಿನ ತಾವೂ ನೂರು ನೂರು ತಂದುಕೊಟ್ಟರು. ಸಾಹುಕಾರರು ಕೂಡ ಮೂರನೆಯ ಸೋಮವಾರಕ್ಕೆ ಉಳಿದ ದುಡ್ಡು ಕಳಿಸಿದರು. ತಮ್ಮ ಹೆಸರಿನ ಮುಂದೆ ‘ಸಾರಿದ್ದು’, ‘ಕೊಟ್ಟಿದ್ದು’ ಎಂದು ಎರಡು ಅಂಕಿ ಓದುವುದನ್ನು ಅವರು ಕೇಳಿಸಿಕೊಂಡಿದ್ದರು.

ಕಟ್ಟುವ ವಿಷಯದಲ್ಲಿ ನನ್ನದೇ ಮಾತು ನಡೆಯಿತು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಾಯಿ ಬಿಡುತ್ತದೆ, ಅದರ ಮೇಲೆ ನಿಂತ ಗೋಡೆ ಸೀಳದೆ ಇರದು. ಹಾಗಾಗಿ ಕೆಳಗಿನ ಗಟ್ಟಿ ಗರಸು ನೆಲ ಸಿಗುವ ತನಕ ಅಗೆಸಿ, ಕಾಲಂ ನಿಲ್ಲಿಸಿ, ಪ್ಲಿಂತ್ ಬೀಮು ಹಾಕಿಸಿ, ನೆಲವನ್ನು 2019ರ ನೀರಿನ ಗುರುತಿಗಿಂತ ಮೇಲೆ ಎತ್ತರಿಸಿದೆ. ‘ರೊಕ್ಕೆಲ್ಲ ನೆಲದಾಗ ಹುಗದಿ’ ಎಂದು ಗೊಣಗಾಟ ಎದ್ದಾಗ, ಒಂದು ಸೋಮವಾರ ಲೆಕ್ಕದ ಬದಲು ಒಣ ಎರೆಮಣ್ಣಿನ ಹೆಂಟೆಯನ್ನು ಬೋಗುಣಿಯ ನೀರಿನಲ್ಲಿ ಇಟ್ಟು ಉಬ್ಬುವುದನ್ನು ತೋರಿಸಿದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ಮೀಟಿಂಗಿನಲ್ಲೂ ನನಗೆ ಅಷ್ಟು ಶ್ರದ್ಧೆಯ ಸಭಿಕರು ಸಿಕ್ಕಿರಲಿಲ್ಲ.

2020ರ ಲಾಕ್‌ಡೌನ್ ಬಂತು. ಗೋವಾದ ಪಟ್ಟಿ ನಿಂತಿತು, ಆದರೆ ಗೋವಾವೇ ಊರಿಗೆ ಬಂತು. ಮೇಸ್ತ್ರಿ, ಗೌಂಡಿ, ಬಾರ್ ಬೆಂಡಿಂಗ್ ಹುಡುಗರು ಕೈ ಕಟ್ಟಿ ಕೂತಿದ್ದರು. ನಿರ್ಬಂಧ ಸಡಿಲವಾದ ಮೇಲೆ ಅರ್ಧ ಪಗಾರದಲ್ಲಿ ಗೋಡೆ ಎಬ್ಬಿಸಿದರು, ಸ್ಲ್ಯಾಬ್ ಹಾಕಿದ ದಿನ ಪಗಾರವನ್ನೇ ಮುಟ್ಟಲಿಲ್ಲ. ಸ್ಲ್ಯಾಬಿನ ಸೆಂಟ್ರಿಂಗಿನಲ್ಲಿ ನಾನು ಹುಡುಕಿದರೂ ತಪ್ಪು ಸಿಗಲಿಲ್ಲ. ಮಾಸ್ತರರು ಅದನ್ನು ನೋಡಲಿಲ್ಲ. ಕಟ್ಟಡ ಲಿಂಟಲ್ ಮಟ್ಟಕ್ಕೆ ಬಂದಾಗ ತೀರಿಕೊಂಡಿದ್ದರು. ಹೊರಡುವ ಮೊದಲಿನ ಸೋಮವಾರವೂ ಮೊಮ್ಮಗನನ್ನು ಕಟ್ಟೆಗೆ ಕಳಿಸಿ, ಉಸುಕಿನ ದರ ಯಾಕೆ ಏರಿತು ಎಂದು ಕೇಳಿಸಿದ್ದರು.

ಈಗ ಕೋಣೆಗಳಿವೆ, ಫ್ಯಾನು ಇದೆ, ಟಿವಿಯಂಥ ಹಲಗೆಯೂ ಬಂದಿದೆ. ಮುಂಜಾನೆ ಹಳದಿ ವ್ಯಾನು ಬಂದು, ಟೈ ಕಟ್ಟಿಕೊಂಡ ಮಕ್ಕಳನ್ನು ತಾಲ್ಲೂಕಿನ ಇಂಗ್ಲಿಷ್ ಶಾಲೆಗೆ ತುಂಬಿಕೊಂಡು ಹೋಗುತ್ತದೆ. ಅದರಲ್ಲಿ ಪಟ್ಟಿ ಕೊಟ್ಟವರ ಮಕ್ಕಳೂ ಇದ್ದಾರೆ. ನನ್ನ ಮೊಮ್ಮಕ್ಕಳು ಪುಣೆಯಲ್ಲಿ ಇನ್ನೂ ದೊಡ್ಡ ವ್ಯಾನು ಹತ್ತುತ್ತಾರಾದ್ದರಿಂದ ಹೆಚ್ಚು ಮಾತಾಡುವುದಿಲ್ಲ. ಆದರೂ ಒಂದು ಮಾತು: ಇವತ್ತಿನ ಮಕ್ಕಳ ಕೈಯಲ್ಲಿ ಪ್ರಾಜೆಕ್ಟು ಎಂದು ಥರ್ಮಾಕೋಲಿನ ತಾಜಮಹಲು ಮಾಡಿಸುವ ಬದಲು, ಬಿಸಿಯೂಟದ ಬೇಳೆ ಎಷ್ಟು ಬಂತು, ಎಷ್ಟು ಬೆಂದಿತು ಎಂಬ ಲೆಕ್ಕ ಓದಿಸಬಾರದೇ?

ಕಾಂಪೌಂಡ್ ಗೋಡೆ ಇನ್ನೂ ಬಾಕಿ ಇದೆ. ಊಟದ ಗಂಟೆ ಹೊಡೆಯುವುದೇ ತಡ, ಓಣಿಯ ಎಮ್ಮೆಗಳು ಮಕ್ಕಳಿಗಿಂತ ಮೊದಲು ಸಾಲಿನಲ್ಲಿ ನಿಂತಿರುತ್ತವೆ. ಪಟ್ಟಿ ಗುರುಮಾತೆಯರ ಮೇಜಿನ ಮೇಲಿದೆ, ಕೊಟ್ಟವರ ಹೆಸರನ್ನು ಬರುವ ಸೋಮವಾರ ಓದಲಾಗುವುದು.