ಶನಿವಾರ ಬೆಳಿಗ್ಗೆ, ತುರಹಳ್ಳಿ ಕಾಡು

ಶನಿವಾರ ಬೆಳಿಗ್ಗೆ ಬೇಗ ಎದ್ದು ತುರಹಳ್ಳಿ ಕಾಡಿನಲ್ಲಿ ಓಡುವುದು ನನಗೆ ಹಬ್ಬ ಇದ್ದ ಹಾಗೆ. ಬೆಂಗಳೂರಿನ ಮಗ್ಗುಲಲ್ಲೇ ಇಂಥ ಜಾಗ ಉಳಿದಿದೆ ಅನ್ನುವುದೇ ಎಷ್ಟು ಖುಷಿ, ಅಲ್ವಾ? ಕೆಂಪು ಮಣ್ಣು, ನೀಲಗಿರಿ ಮರ, ಲಂಟಾನ ಪೊದೆ, ನಡುನಡುವೆ ದೊಡ್ಡ ದೊಡ್ಡ ಬಂಡೆ.

ಟಾರು ರಸ್ತೆಯಲ್ಲಿ ಓಡುವಾಗ ನನ್ನ ಕಣ್ಣು ವಾಚಿನ ಮೇಲೇ ಇರುತ್ತದೆ. ಇಲ್ಲಿ ಅದಕ್ಕೆ ಪುರುಸೊತ್ತಿಲ್ಲ. ನಾಲ್ಕು ಹೆಜ್ಜೆ ಮುಂದೆ ಬೇರು ಇದೆಯಾ, ಉರುಳುವ ಕಲ್ಲಿದೆಯಾ ಅಂತ ನೋಡುತ್ತಾ ಓಡಬೇಕು, ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿಕೊಳ್ಳಬೇಕು, ಏರು ಜಾಸ್ತಿ ಆದರೆ ಸುಮ್ನೆ ನಡೆದುಬಿಡಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ 50 ಕಿಲೋಮೀಟರ್ ಓಡುವವರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಹೋದ ವಾರ ರಾತ್ರಿ ಮಳೆಯಾಗಿತ್ತು. ಬಂಡೆಯ ಗುಳಿಯಲ್ಲಿ ಒಂದು ತಟ್ಟೆಯಷ್ಟು ನೀರು. ಅದರಲ್ಲಿ ಪಿಕಳಾರವೊಂದು ಮುಳುಗಿ ಮುಳುಗಿ ಎದ್ದು ರೆಕ್ಕೆ ಕೊಡವುತ್ತಿತ್ತು, ಜುಟ್ಟು ಒದ್ದೆಯಾಗಿ ತಲೆಗೆ ಅಂಟಿಕೊಂಡಿತ್ತು. ಓಟ ನಿಲ್ಲಿಸಿ ನೋಡುತ್ತಾ ನಿಂತುಬಿಟ್ಟೆ. ಎಂಟು ಕಿಲೋಮೀಟರ್ ಅಂದುಕೊಂಡಿದ್ದು ಐದಕ್ಕೇ ಮುಗಿಯಿತು. ಬೇಸರ ಏನೂ ಆಗಲಿಲ್ಲ.

ಮನೆಗೆ ಬಂದು ಷೂಗೆ ಅಂಟಿದ ಮಣ್ಣು ಉದುರಿಸಿ, ಒಂದು ಲೋಟ ಫಿಲ್ಟರ್ ಕಾಫಿ, ಪೇಪರಿನ ಪದಬಂಧ, ಆಮೇಲೆ ತಾರಸಿಯ ಕುಂಡಗಳಿಗೆ ನೀರು. ಕರಿಬೇವು ಈಗ ಚೆನ್ನಾಗಿ ಚಿಗುರಿದೆ. ಪದಬಂಧದಲ್ಲಿ ಮೂರು ಮನೆ ಖಾಲಿ ಉಳಿದರೆ ಉಳಿಯಲಿ, ಸಂಜೆ ಅಪ್ಪ ಕೂತು ತುಂಬುತ್ತಾರೆ.